ಮಾವನ ಚೀನಾ ಬೇರು, ನನ್ನ ಮೂಲಂಗಿ

ನನ್ನ ಮಾವನಿಗೆ ಎರಡು ವರ್ಷ ನಾನು ಮೂಲಂಗಿ ತಿನ್ನಿಸಿದೆ. ಅವರು ಅದನ್ನು ಚೀನಾ ದೇಶದ ಬೇರು ಎಂದು ನಂಬಿ, ದಿನಾ ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿ, ಕಣ್ಣಿಗೊತ್ತಿಕೊಂಡು ತಿಂದರು. ಮಾವನಿಗೆ ಮೋಸ ಮಾಡಿದ ಸೊಸೆ ಎಂದು ಯಾರಾದರೂ ಬೈಯುವುದಿದ್ದರೆ ಬೈಯಲಿ, ಆದರೆ ಪೂರ್ತಿ ಕೇಳಿದ ಮೇಲೆ ಬೈಯಲಿ. ಅರ್ಧ ಕೇಳಿ ಬೈಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ನಾನು ಅಮೃತಹಳ್ಳಿಯಿಂದ ಅಟ್ಟೂರಿಗೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಹೆಂಗಸರೇ ಇರಲಿಲ್ಲ. ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು. ಇದ್ದವರು ಇಬ್ಬರು ಗಂಡಸರು ಮತ್ತು ಎರಡು ಜೊತೆ ಎತ್ತು. ನನ್ನ ಗಂಡ ದಿನಕ್ಕೆ ಮೂರು ಮಾತಾಡುವ ಆಸಾಮಿ. ಎತ್ತುಗಳು ಅದಕ್ಕಿಂತ ಹೆಚ್ಚು ಮಾತಾಡುತ್ತಿದ್ದವು. ಎಂಟು ಜನರ ಗಲಾಟೆಯ ಮನೆಯಿಂದ ಬಂದ ನನಗೆ ಮೊದಲ ವಾರವೇ ತಲೆ ಕೆಟ್ಟುಹೋಯಿತು. ಮಾತಿಗೆ ಸಿಕ್ಕವರು ಮಾವ ಒಬ್ಬರೇ, ಅದೂ ಜಗಳದ ರೂಪದಲ್ಲಿ.

ಸಾರಿಗೆ ಉಪ್ಪು ಕಮ್ಮಿ ಎಂದು ಅವರು, ನಾಲಿಗೆಗೆ ವಯಸ್ಸಾಗಿದೆ ಎಂದು ನಾನು. ರಂಗೋಲಿ ಸೊಟ್ಟ ಎಂದು ಅವರು, ನೋಡುವ ಕಣ್ಣು ಸೊಟ್ಟ ಎಂದು ನಾನು. ಒಂದು ದಿನ ನಾನು ಜ್ವರ ಬಂದು ಸುಮ್ಮನೆ ಮಲಗಿದ್ದರೆ, ಮಾವ ಬಾಗಿಲ ಬಳಿ ಮೂರು ಸಲ ಬಂದು, "ಏನಮ್ಮಿ, ಬಾಯಿ ಬಿದ್ದೋಯ್ತಾ?" ಎಂದು ಕೇಳಿ, ಕೊನೆಗೆ ತಾವೇ ಗಂಜಿ ಕಾಯಿಸಿ ತಂದಿಟ್ಟರು. ಗಂಜಿಯಲ್ಲಿ ಉಪ್ಪೇ ಇರಲಿಲ್ಲ. ಅದನ್ನು ಹೇಳಿ ಜಗಳ ತೆಗೆದ ಮೇಲೆ ನನ್ನ ಜ್ವರ ಇಳಿಯಿತು.

ನಮ್ಮದು ತರಕಾರಿ ಬೆಳೆಯುವ ಮನೆ. ಮೂಲಂಗಿ, ನೂಕೋಲು, ಬೀಟ್ರೂಟು, ಕೆರೆಯ ಕಡೆಗೆ ಒಂದಿಷ್ಟು ದ್ರಾಕ್ಷಿ ಚಪ್ಪರ. ಅದರಲ್ಲೂ ಮೂಲಂಗಿ ಎಂದರೆ ಮಾವನಿಗೆ ಪ್ರಾಣ. ಮೂಲಂಗಿ ಹುಳಿ ಇಲ್ಲದ ದಿನ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಿದ್ದರು. ಆದರೆ ಅರವತ್ತು ದಾಟುವ ಹೊತ್ತಿಗೆ ಅವರ ಹಲ್ಲುಗಳು ಒಂದೊಂದಾಗಿ ಹೊರಟುಹೋದವು. ಮುದ್ದೆ ನುಂಗುವುದಕ್ಕೆ ಹಲ್ಲು ಬೇಡ, ನಿಜ. ಅವರೇಕಾಳಿಗೆ ಬೇಕು, ಮೂಳೆಗೆ ಬೇಕು, ನನ್ನ ಜೊತೆ ಜಗಳವಾಡುವಾಗ ಮಾತು ಸ್ಪಷ್ಟವಾಗಿರುವುದಕ್ಕೂ ಬೇಕು. "ಸೊಸೆ" ಎನ್ನುವುದು ಅವರ ಬಾಯಲ್ಲಿ "ಥೊಥೆ" ಆದ ದಿನ ನಾನು ನಕ್ಕುಬಿಟ್ಟೆ. ಮಾವ ಮರುದಿನವೇ ಹಲ್ಲು ಕಟ್ಟಿಸಿಕೊಳ್ಳುವ ತೀರ್ಮಾನ ಮಾಡಿದರು.

ಆ ಕಾಲದ ಬೆಂಗಳೂರಿನಲ್ಲಿ ಹಲ್ಲು ಎಂದರೆ ಚೀನದವರ ಅಂಗಡಿ. ಯಲಹಂಕದಿಂದ ಬಸ್ಸು ಹತ್ತಿ ಶಿವಾಜಿನಗರದಲ್ಲಿ ಇಳಿದು, ಅಲ್ಲಿಂದ ಒಂದಿಷ್ಟು ನಡೆದರೆ ಅಂಥ ಒಂದು ಅಂಗಡಿ ಇತ್ತು. ನನಗೂ ಒಂದು ದವಡೆ ಹಲ್ಲು ಕಾಟ ಕೊಡುತ್ತಿದ್ದರಿಂದ ಮಾವನ ಜೊತೆ ನಾನೂ ಹೋದೆ. ಡಾಕ್ಟರು ಸಣಕಲು ಮನುಷ್ಯ, ದಪ್ಪ ಕನ್ನಡಕ, ಬಿಳೀ ಕೋಟು. ಹುಟ್ಟಿದ್ದು ಕಲ್ಕತ್ತೆಯಲ್ಲಿಯಂತೆ, ಬೆಂಗಳೂರಿಗೆ ಬಂದು ಹದಿನೈದು ವರ್ಷವಂತೆ. ಮೊದಲು ತಮಿಳು ಕಲಿತು ಅದರ ಮೇಲೆ ಕನ್ನಡ ಕಲಿತಿದ್ದರು, ಆದ್ದರಿಂದ ಎರಡೂ ಒಟ್ಟಿಗೆ ಬರುತ್ತಿದ್ದವು. ಅಳತೆ ತೆಗೆಯಲು ಮೇಣ ಇಟ್ಟಾಗ ಮಾವ ಉಳಿದಿದ್ದ ಒಂದೇ ಹಲ್ಲಿನಿಂದ ಅವರ ಬೆರಳು ಕಚ್ಚಿದರು. ಡಾಕ್ಟರು ಬೈಯಲಿಲ್ಲ. "ಈ ಹಲ್ಲು ಗಟ್ಟಿ ಸಾರ್, ಪಾವಂ, ಇದನ್ನೂ ತೆಗೀಬೇಕು," ಎಂದರು.

ಹಲ್ಲಿನ ಸೆಟ್ಟು ತಯಾರಾಗುವ ಹೊತ್ತಿಗೆ ಇಬ್ಬರಿಗೂ ಒಳ್ಳೆಯ ಸ್ನೇಹ ಬೆಳೆದಿತ್ತು. ಹೊಸ ಹಲ್ಲು ತರಲು ಹೋದ ದಿನ ಮಾವ ಒಂದು ಬುಟ್ಟಿ ದ್ರಾಕ್ಷಿ ಹೊತ್ತುಕೊಂಡು ಹೋದರು. ಕನ್ನಡಿಯಲ್ಲಿ ತಮ್ಮ ಬಾಯಿ ನೋಡಿಕೊಂಡು, ಕುರ್ಚಿಯಿಂದ ಇಳಿಯುವಾಗ ಮಂಡಿ ಹಿಡಿದುಕೊಂಡು "ಅಯ್ಯಪ್ಪಾ" ಎಂದರು. ಡಾಕ್ಟರು ಅದನ್ನು ನೋಡಿದರು. ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದರು. ಡಬ್ಬಿಯೊಳಗೆ ಕೆಂಪು ಕಾಗದ, ಕಾಗದದೊಳಗೆ ಏಳೆಂಟು ಒಣಗಿದ ಬೇರು. ಒಂದೊಂದಕ್ಕೂ ಎರಡು ಕಾಲು, ಎರಡು ಕೈ, ಗಡ್ಡದಂಥ ನಾರು. ಒಂದೊಂದೂ ಊಟ ಬಿಟ್ಟ ಸನ್ಯಾಸಿಯ ಹಾಗಿತ್ತು.

"ಜಿನ್‌ಸೆಂಗ್," ಎಂದರು ಡಾಕ್ಟರು. "ನಮ್ಮ ತಾತ ತಿಂತಿದ್ರು, ಅಪ್ಪ ತಿಂತಿದ್ರು. ಶಕ್ತಿ ಬರತ್ತೆ."

"ಏನ್ ಸಿಂಗು?" ಎಂದರು ಮಾವ.

ಅವತ್ತಿನಿಂದ ಆ ಬೇರಿಗೆ ನಮ್ಮ ಮನೆಯಲ್ಲಿ ಸಿಂಗಣ್ಣ ಎಂದು ಹೆಸರಾಯಿತು.

ಡಾಕ್ಟರು ಸುಮ್ಮನೆ ಕೊಟ್ಟು ಕಳಿಸಲಿಲ್ಲ. ಪಥ್ಯ ಹೇಳಿದರು, ನಾನು ಪಕ್ಕದಲ್ಲಿ ನಿಂತು ಒಂದೊಂದನ್ನೂ ಕೇಳಿಸಿಕೊಂಡೆ. ಉಗುರಿನಷ್ಟು ತೆಳ್ಳಗೆ ಒಂದೇ ಚೂರು, ಬೆಳಿಗ್ಗೆ ಮಾತ್ರ. ಹತ್ತು ದಿನ ತಿಂದರೆ ಹತ್ತು ದಿನ ಬಿಡಬೇಕು. ಜ್ವರ ಇದ್ದಾಗ ಮುಟ್ಟಬಾರದು. ಮುಖ ಕೆಂಪಾದರೆ, ತಲೆ ಸಿಡಿದರೆ, ಅವತ್ತೇ ನಿಲ್ಲಿಸಬೇಕು. ಕೊನೆಯದನ್ನು ಹೇಳುವಾಗ ಅವರು ಬೆರಳು ಎತ್ತಿದರು.

"ಮುಖ್ಯಂ, ಮೂಲಂಗಿ ಬೇಡಾ ಸಾರ್. ಮೂಲಂಗಿ ತಿಂದ್ರೆ ಬೇರಿನ ಶಕ್ತಿ ಎಲ್ಲಾ ಪೋಯ್ತು."

ಮಾವನ ಮುಖ ನೋಡಬೇಕಿತ್ತು. ಹೊಸ ಹಲ್ಲು ಕಟ್ಟಿಸಿಕೊಂಡು ಮೂಲಂಗಿ ಕಡಿಯುವ ಆಸೆಯಲ್ಲಿ ಬಂದವರಿಗೆ ಆ ಹಲ್ಲು ಕೊಟ್ಟವರೇ ಮೂಲಂಗಿ ಬೇಡ ಎನ್ನುತ್ತಿದ್ದರು. ಆದರೂ ಮಂಡಿಯ ಆಸೆ ನಾಲಿಗೆಯ ಆಸೆಯನ್ನು ಗೆದ್ದಿತು. ಎರಡೆಕರೆ ಮೂಲಂಗಿ ಬೆಳೆಯುತ್ತಿದ್ದ ನಮ್ಮ ಮನೆಯಲ್ಲಿ ಮಾರನೆಯ ದಿನದಿಂದ ಮೂಲಂಗಿ ಹುಳಿ ನಿಂತುಹೋಯಿತು.

ಮೊದಲ ಹದಿನೈದು ದಿನ ಬೇರು ನಿಜಕ್ಕೂ ಕೆಲಸ ಮಾಡಿತು ಎಂದೇ ಹೇಳಬೇಕು. ಮಾವ ಕೆರೆ ಏರಿಯ ತನಕ ಕೋಲಿಲ್ಲದೆ ನಡೆದರು. ಅದು ಬೇರಿನ ಗುಣವೋ, ಹಲ್ಲು ಬಂದು ಹೊಟ್ಟೆ ತುಂಬ ಉಂಡ ಗುಣವೋ, ಊರವರು ಹಲ್ಲು ನೋಡಲಿ ಎಂದು ಬೀದಿ ತಿರುಗಿದ ಗುಣವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವವರು ಹೇಳಿದರೆ ಕೇಳುತ್ತೇನೆ.

ತೊಂದರೆ ಶುರುವಾದದ್ದು ಮಾವನ ಲೆಕ್ಕಾಚಾರದಿಂದ. "ಉಗುರಷ್ಟು ತಿಂದ್ರೆ ಕೆರೆ ಏರಿ ಗಂಟ ನಡೀತೀನಿ. ಎಬ್ಬೆಟ್ಟಷ್ಟು ತಿಂದ್ರೆ ಯಲಹಂಕಕ್ಕೇ ಓಗ್ಬೋದಲ್ವಾ?" ಎಂದು ಒಂದು ದಿನ ಕೇಳಿದರು. ಬೆಳೆಗೆ ಗೊಬ್ಬರ ಹಾಕಿದ ಹಾಗೆ, ಹೆಚ್ಚು ಹಾಕಿದರೆ ಹೆಚ್ಚು ಬರುತ್ತದೆ ಎನ್ನುವುದು ಅವರ ಸಿದ್ಧಾಂತ. ಹೆಚ್ಚು ಗೊಬ್ಬರಕ್ಕೆ ಬೆಳೆ ಸುಟ್ಟುಹೋಗುವುದನ್ನೂ ನೋಡಿದ್ದೀರಲ್ಲ ಎಂದು ನಾನು ಹೇಳಿದೆ. ಕೇಳಲಿಲ್ಲ. ಹತ್ತು ದಿನ ಬಿಡುವುದನ್ನು ಬಿಟ್ಟರು, ಹೆಬ್ಬೆಟ್ಟಿನಷ್ಟು ಕುದಿಸಿ ಕಷಾಯ ಕುಡಿಯತೊಡಗಿದರು. ವಾರದೊಳಗೆ ನಿದ್ದೆ ಹೋಯಿತು, ಮುಖ ಬೀಟ್ರೂಟಿನ ಬಣ್ಣಕ್ಕೆ ತಿರುಗಿತು. ನಲವತ್ತನೆಯ ದಿನ ಹೊಲದಲ್ಲಿ ಬಗ್ಗಿದವರ ಮೂಗಿನಿಂದ ರಕ್ತ ಸುರಿಯಿತು.

ಯಲಹಂಕದಲ್ಲಿ ಬೋರ್ಡು ಹಾಕಿಕೊಂಡಿದ್ದ ವಯಸ್ಸಾದ ಡಾಕ್ಟರೊಬ್ಬರಿದ್ದರು. ಅವರು ಮಾವನ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ಒತ್ತಿ, ಪಾದರಸ ನೋಡಿ ಹುಬ್ಬು ಗಂಟಿಕ್ಕಿದರು. ನಾನು ಸಿಂಗಣ್ಣನ ಕಥೆಯನ್ನೆಲ್ಲ ಹೇಳಿದೆ.

"ಆ ಬೇರು ಏನು ಅಂತ ನಂಗೆ ಗೊತ್ತಿಲ್ಲಮ್ಮ," ಎಂದರು. "ಗೊತ್ತಿಲ್ಲದ್ದನ್ನ ಒಳ್ಳೇದು ಅನ್ನಲ್ಲ, ಕೆಟ್ಟದ್ದು ಅಂತಲೂ ಅನ್ನಲ್ಲ. ಆದರೆ ಇವರಿಗಿರೋ ರಕ್ತದೊತ್ತಡಕ್ಕೆ ಅದು ಕೂಡ್ದು. ಹಿಂಗೇ ತಿಂತಿದ್ರೆ ಒಂದಿನ ಅರ್ಧ ಮೈ ಬಿದ್ದೋಗುತ್ತೆ."

ಮಾವ ಹೊರಗೆ ಬಂದವರೇ, "ಅವ್ನಿಗೆ ಒಟ್ಟೆಕಿಚ್ಚು. ಎಲ್ರೂ ಸಿಂಗಣ್ಣನ್ನ ತಿಂದ್ರೆ ಇವ್ನ ಸೂಜಿ ಯಾವನ್ ಆಕಿಸ್ಕೊಂತಾನೆ?" ಎಂದರು. ನಾನು ಹೇಳಿದೆ, ಕೂಗಾಡಿದೆ, ಅತ್ತುಬಿಟ್ಟೆ. ನಾನು ಅತ್ತಿದ್ದು ನೋಡಿ ಅವರಿಗೆ ನಗು ಬಂತು. ನನಗೆ ಅವರ ಅರ್ಧ ಮೈ ಬೀಳುವುದು ಕಣ್ಣ ಮುಂದೆ ಕಾಣುತ್ತಿತ್ತು. ಒಳ್ಳೆಯ ಮಾತಿಗೆ ಬಗ್ಗದವರನ್ನು ಕೆಟ್ಟ ಬುದ್ಧಿಯಿಂದಲೇ ಬಗ್ಗಿಸಬೇಕು ಎಂದು ಆ ಬಸ್ಸಿನಲ್ಲಿ ಕೂತಾಗಲೇ ನಿಶ್ಚಯಿಸಿದೆ.

ಡಬ್ಬಿ ಇರುತ್ತಿದ್ದುದು ನನ್ನ ಅಡುಗೆಮನೆಯಲ್ಲಿ. ಉಳಿದಿದ್ದ ಸಿಂಗಣ್ಣನನ್ನು ಕೆಂಪು ಕಾಗದದ ಸಮೇತ ತೊಗರಿಬೇಳೆಯ ಜಾಡಿಯ ತಳಕ್ಕೆ ಸೇರಿಸಿದೆ. ಹೊಲದಲ್ಲಿ ಕಲ್ಲಿಗೆ ಸಿಕ್ಕಿ ಎರಡು ಕಾಲಾಗಿ ಸೀಳಿದ ಎಳೆಯ ಮೂಲಂಗಿಗಳನ್ನು ಹುಡುಕಿ ಹುಡುಕಿ ತಂದೆ. ಅಂಥವನ್ನು ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ, ಎತ್ತಿಗೆ ಹಾಕುತ್ತಿದ್ದೆವು. ಅವನ್ನು ಹಬೆಯಲ್ಲಿ ಬೇಯಿಸಿ, ಬೆಲ್ಲದ ನೀರಿನಲ್ಲಿ ಅದ್ದಿ, ಚಿಟಿಕೆ ಅರಿಶಿನ ಸವರಿ, ಹಪ್ಪಳದ ಜೊತೆ ಮಾಳಿಗೆಯ ಮೇಲೆ ಎಂಟು ದಿನ ಒಣಗಿಸಿದೆ. ಬಂದ ಬೇರನ್ನು ನೋಡಿ ನನಗೇ ಹೆಮ್ಮೆಯಾಯಿತು. ಕೈ ಇತ್ತು, ಕಾಲಿತ್ತು, ಗಡ್ಡವೂ ಇತ್ತು. ಆ ಎಂಟು ದಿನ ಮಾವನಿಗೆ, "ಹತ್ತು ದಿನ ಬಿಡುವಿನ ಲೆಕ್ಕ ಬಾಕಿ ಇದೆ, ಬಿಟ್ಟರೇನೇ ಮುಂದೆ ಹತ್ತೋದು," ಎಂದು ತಡೆದಿದ್ದೆ.

ನನ್ನ ದವಡೆ ಹಲ್ಲು ತೋರಿಸಲು ಹೋದಾಗಲೆಲ್ಲ ಚೀನದ ಡಾಕ್ಟರು ಹೊಸ ಬೇರು ಕೊಡುತ್ತಾರೆ ಎಂದು ಒಂದು ಸುಳ್ಳನ್ನೂ ಕಟ್ಟಿದೆ. ಒಂಬತ್ತನೆಯ ದಿನ ಮಾವ ಹೊಸ ಸಿಂಗಣ್ಣನ ಒಂದು ತುಂಡು ಬಾಯಿಗೆ ಹಾಕಿಕೊಂಡರು. ನಾನು ಒಲೆಯ ಕಡೆ ತಿರುಗಿ ಉಸಿರು ಬಿಗಿ ಹಿಡಿದೆ. ಅಗಿದರು, ಅಗಿದರು. ಆಮೇಲೆ ಒಂದು ದೊಡ್ಡ ತೇಗು ತೇಗಿದರು.

"ನೋಡ್ದೇನಮ್ಮಿ? ಒಟ್ಟೆ ತಳದಿಂದ ಬಂತು. ಈ ಸಲದ ಸಿಂಗಣ್ಣ ಇನ್ನೂ ಜೋರಾಗವ್ನೆ!"

ಅದು ಮೂಲಂಗಿ ತೇಗು ಎಂದು ಅಟ್ಟೂರಿನ ಚಿಕ್ಕ ಮಗುವಿಗೂ ಗೊತ್ತಾಗಬೇಕಿತ್ತು. ಆದರೆ ಮನೆಯಲ್ಲಿ ಮೂಲಂಗಿ ಮಾಡುವುದನ್ನೇ ಬಿಟ್ಟಿದ್ದರಿಂದ ಮಾವನಿಗೆ ಅನುಮಾನ ಬರಲಿಲ್ಲ. ಮೂಲಂಗಿ ಬಿಟ್ಟು ಮೂಲಂಗಿ ತಿನ್ನುತ್ತಾ ಅವರು ಗಟ್ಟಿಯಾದರು. ಮುಖದ ಕೆಂಪು ಇಳಿಯಿತು, ನಿದ್ದೆ ಬಂತು, ಪಾದರಸವೂ ಇಳಿಯಿತು. ಎಲ್ಲಕ್ಕಿಂತ ತಮಾಷೆಯೆಂದರೆ ಮಂಡಿ ನೋವು ವಾಪಸು ಬರಲಿಲ್ಲ. ಬೆಳಿಗ್ಗೆ ಬೇರು ತಿಂದು, "ಶಕ್ತಿ ಕಾಲಿಗಿಳೀಬೇಕು," ಎಂದು ಕೆರೆ ಏರಿ ಸುತ್ತಿ ಬರುತ್ತಿದ್ದರು. ನಡೆದದ್ದಕ್ಕೆ ಮಂಡಿ ಸಡಿಲವಾಯಿತೋ, ಮಂಡಿ ಸಡಿಲವಾದದ್ದಕ್ಕೆ ನಡೆದರೋ, ಶ್ರೇಯಸ್ಸೆಲ್ಲ ಸಿಂಗಣ್ಣನಿಗೆ.

ದಾಸರಹಳ್ಳಿಯಿಂದ ಮಾವನ ಗೆಳೆಯರೊಬ್ಬರು ಬರುತ್ತಿದ್ದರು, ಮಾವನಿಗಿಂತ ಎರಡು ವರ್ಷ ದೊಡ್ಡವರು. ಅವರು ಮಂಡಿಯ ವಿಷಯ ಕೇಳುವವರ ಹಾಗೆ ಶುರುಮಾಡಿ, ನಾನು ಒಳಗೆ ಹೋದ ಮೇಲೆ ದನಿ ತಗ್ಗಿಸಿ ಬೇರೆ ವಿಷಯ ಕೇಳಿದರು. ಮಾವ ಉದಾರವಾಗಿ ಎರಡು ಚೂರು ಕೊಟ್ಟರು. ಮುಂದಿನ ವಾರ ಆ ಯಜಮಾನರು ಮೀಸೆಗೆ ಕಪ್ಪು ಹಚ್ಚಿ, ತಲೆಗೆ ಘಮಘಮ ಎಣ್ಣೆ ಹಾಕಿಕೊಂಡು ಬಂದು ಇನ್ನೂ ನಾಲ್ಕು ಚೂರು ಕೇಳಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಓಡಿದೆ. ಅವರ ಹೆಂಡತಿ ಮುಂದೆ ಯಾವುದೋ ಮದುವೆಯಲ್ಲಿ ಸಿಕ್ಕಾಗ, "ನಿಮ್ಮನೆ ಬೇರಿಂದ ಏನೂ ಆಗ್ಲಿಲ್ಲ ಕಣವ್ವ, ಬರೀ ತೇಗು," ಎಂದರು.

ಹೀಗೇ ಎರಡು ವರ್ಷ ನಡೆಯಿತು. ಆಮೇಲೆ ಚೀನದ ಜೊತೆ ಯುದ್ಧ ಬಂತು.

ಯಲಹಂಕದ ಹೋಟೆಲಿನ ರೇಡಿಯೋ ಮುಂದೆ ಜನ ಸೇರತೊಡಗಿದರು. ಹೆಂಗಸರು ಓಲೆ ಬಿಚ್ಚಿ ಕೊಟ್ಟರು, ಉಣ್ಣೆ ಹೆಣೆದು ಕಳಿಸಿದರು. ಹೆಣಿಗೆ ಬಾರದ ನಾನೂ ಒಂದು ಕಾಲುಚೀಲ ಹೆಣೆದೆ, ಅದು ಯಾವ ಸೈನಿಕನ ಯಾವ ಕಾಲಿಗೆ ಆಯಿತೋ ದೇವರೇ ಬಲ್ಲ. ಮಾವ ಅರಳಿಕಟ್ಟೆಯಲ್ಲಿ ಕೂತು ಎಲ್ಲರಿಗಿಂತ ಗಟ್ಟಿಯಾಗಿ ಚೀನವನ್ನು ಬೈಯುತ್ತಿದ್ದರು. ಆಗ ಒಬ್ಬರು ಹೇಳಿದರಂತೆ, "ಬೈಯೋದು ಸರಿ ಗೌಡ್ರೇ. ನಮ್ ಉಡುಗ್ರು ಅಲ್ಲಿ ಇಮದಾಗೆ ಸಾಯ್ತಾವ್ರೆ, ನೀವಿಲ್ಲಿ ಚೀನಾ ಬೇರು ತಿಂದು ತೇಗ್ತಾ ಇದ್ದೀರಲ್ಲಾ."

ಕಟ್ಟೆಯೆಲ್ಲ ನಕ್ಕಿತು. ಮಾವ ಎದ್ದು ಮನೆಗೆ ಬಂದರು. ಡಬ್ಬಿ ಕಿತ್ತುಕೊಂಡು ಹೋಗಿ, ಊರವರ ಮುಂದೆ ಕೆರೆಗೆ ಎಸೆದರು. ನಾನು ಎಂಟು ದಿನ ಬಿಸಿಲಿನಲ್ಲಿ ಒಣಗಿಸಿದ ಅಪ್ಪಟ ದೇಶಭಕ್ತ ಮೂಲಂಗಿ ನೀರು ಪಾಲಾಯಿತು. ಎಸೆದ ಜೋರಿನಲ್ಲಿ ಮಾವ, "ಇದನ್ನ ಕೊಟ್ಟ ಆ ಚೀನದವ್ನ ಕೈ ಸೇದೋಗ!" ಎಂದು ಶಾಪವನ್ನೂ ಹಾಕಿದರು. ಜನ ಭೇಷ್ ಎಂದರು. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ದನಿ ಬಂತು.

"ಸರಿ ಗೌಡ್ರೇ, ಶಾಪ ಆಕಿದ್ರಲ್ಲ, ಆ ಬಾಯಾಗಿರೋ ಅಲ್ಲು ಯಾರ್ದು?"

ಮಾವ ಅಲ್ಲೇ ಹಲ್ಲು ಕಳಚಿ ಟವೆಲ್ಲಿನಲ್ಲಿ ಸುತ್ತಿಕೊಂಡರು. ಅವನ್ನು ಮಾತ್ರ ಕೆರೆಗೆ ಎಸೆಯಲು ಕೈ ಬರಲಿಲ್ಲವೇನೋ. ಮನೆಗೆ ತಂದು ಗೂಡಿನಲ್ಲಿ ಇಟ್ಟು, ಹಾಸಿಗೆಯ ಮೇಲೆ ಮಲಗಿದರು. ಮಾರನೆಯ ದಿನ ಮಂಡಿ ಹಿಡಿದುಕೊಂಡಿತು. ಮೂರನೆಯ ದಿನ ಏಳಲೇ ಇಲ್ಲ.

ಮೊದಲು ನಾನು ಒಳಗೊಳಗೇ ನಗುತ್ತಿದ್ದೆ. ಮೂಲಂಗಿ ಬಿಟ್ಟದ್ದಕ್ಕೆ ಮಂಡಿ ಹಿಡಿದ ಮನುಷ್ಯ ಲೋಕದಲ್ಲಿ ಇವರೊಬ್ಬರೇ ಇರಬೇಕು ಎಂದು. ಒಂದು ವಾರ ಕಳೆದ ಮೇಲೆ ನಗು ನಿಂತಿತು. ಬೊಚ್ಚು ಬಾಯಲ್ಲಿ ಎರಡು ತುತ್ತು ಮುದ್ದೆ ನುಂಗಿ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದರು. ಅವರೇಕಾಯಿ ಕಾಲ ಬಂತು, ಬೀದಿಯೆಲ್ಲ ಸೊಗಡು ಹರಡಿತು, ತಲೆ ಎತ್ತಲಿಲ್ಲ. ಒಂದು ಮಧ್ಯಾಹ್ನ ನಾನು ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ಬೈಯಲಿ, ಒಂದು ಸಲ ಬೈಯಲಿ ಎಂದು ಕಾದು ನಿಂತೆ. ಮಾವ ಅದನ್ನು ಉಂಡು, "ಸಾಕು ಕಣವ್ವ," ಎಂದು ತಟ್ಟೆ ಸರಿಸಿದರು.

ನನಗೆ ಭಯವಾಯಿತು. ಮೂಗಿನಲ್ಲಿ ರಕ್ತ ಬಂದಾಗಲೂ ಅಷ್ಟು ಭಯವಾಗಿರಲಿಲ್ಲ. ಅವತ್ತೇ ಯಲಹಂಕದ ಡಾಕ್ಟರನ್ನು ಎತ್ತಿನಗಾಡಿಯಲ್ಲಿ ಕರೆಸಿದೆವು. ಅವರು ಎಲ್ಲ ನೋಡಿ, "ಕಾಯಿಲೆ ಏನೂ ಇಲ್ಲ," ಎಂದರು. "ಆದರೆ ಈ ವಯಸ್ಸಲ್ಲಿ ಹೀಗೆ ಇನ್ನೊಂದು ತಿಂಗಳು ಮಲಗಿದ್ರೆ ಕಾಲು ಹೋಗುತ್ತೆ, ಆಮೇಲೆ ಮನುಷ್ಯನೂ ಹೋಗ್ತಾನೆ. ಏನಾದ್ರೂ ಮಾಡಿ ಎಬ್ಬಿಸಮ್ಮ."

ಎಬ್ಬಿಸಲು ನನ್ನ ಹತ್ತಿರ ಇದ್ದುದು ನಿಜ ಒಂದೇ. ಅದನ್ನು ಹೇಳಿದರೆ ಮಾವ ನನ್ನನ್ನು ಮನೆಯಿಂದ ಹೊರಗೆ ಹಾಕಬಹುದಿತ್ತು. ಎರಡು ವರ್ಷ ತಮ್ಮನ್ನು ಕುಣಿಸಿದ ಸೊಸೆಯ ಮುಖ ನೋಡುವುದಿಲ್ಲ ಎನ್ನಬಹುದಿತ್ತು. ಅಮೃತಹಳ್ಳಿಯ ಅಪ್ಪನ ಮನೆಯ ದಾರಿ ನನಗೆ ಗೊತ್ತಿತ್ತು, ಆದರೆ ಆ ದಾರಿಯಲ್ಲಿ ಹೋಗುವ ಮನಸ್ಸು ನನಗೆ ಒಂದು ಚೂರೂ ಇರಲಿಲ್ಲ. ಆ ಮುದುಕನೆಂದರೆ ನನಗೆ ಪ್ರೀತಿ. ಇಷ್ಟು ವರ್ಷವಾದ ಮೇಲೆ ಅದನ್ನು ಸುತ್ತಿ ಬಳಸಿ ಹೇಳುವುದೇನಿದೆ?

ಮಾರನೆಯ ಬೆಳಿಗ್ಗೆ ಒಂದು ಕೈಯಲ್ಲಿ ಕವಲೊಡೆದ ಹಸಿ ಮೂಲಂಗಿ, ಇನ್ನೊಂದು ಕೈಯಲ್ಲಿ ತೊಗರಿಬೇಳೆ ಜಾಡಿ ಹಿಡಿದು ಹಾಸಿಗೆಯ ಬಳಿ ಕೂತೆ. ಜಾಡಿಗೆ ಕೈ ಹಾಕಿ ಕೆಂಪು ಕಾಗದ ತೆಗೆದು, ಬಿಚ್ಚಿ ಇಟ್ಟೆ.

"ಮಾವ, ಸಿಂಗಣ್ಣ ಇಲ್ಲಿ ಅವ್ನೆ. ಎರಡು ವರ್ಷದಿಂದ ಇಲ್ಲೇ ಅವ್ನೆ. ನೀವು ತಿಂದಿದ್ದು ಇದು," ಎಂದು ಮೂಲಂಗಿ ತೋರಿಸಿದೆ. "ನೀವು ಕೆರೆಗೆ ಎಸ್ದಿದ್ದೂ ಇದನ್ನೇ. ನಮ್ ಹೊಲದ್ದು."

ಮಾವ ಬೇರು ನೋಡಿದರು, ಮೂಲಂಗಿ ನೋಡಿದರು, ನನ್ನನ್ನು ನೋಡಿದರು. ನಾನು ಬೇಯಿಸಿದ್ದು, ಬೆಲ್ಲ, ಅರಿಶಿನ, ಮಾಳಿಗೆ, ಎಲ್ಲ ಒಪ್ಪಿಸಿದೆ.

"ತೇಗು?" ಎಂದರು.

"ಮೂಲಂಗಿ ತೇಗು, ಮಾವ."

"ಥೂ ನಿನ್ನ!" ಎಂದವರೇ ಹಾಸಿಗೆಯಿಂದ ಎದ್ದರು. ಮೂಲೆಯ ಕೋಲಿಗೆ ಕೈ ಹಾಕಿದ್ದು ಕಂಡೆ, ಜಾಡಿ ಬಿಟ್ಟು ಓಡಿದೆ. ಪಡಸಾಲೆ ದಾಟಿ, ಅಂಗಳ ದಾಟಿ, ಕೊಟ್ಟಿಗೆಯ ಸುತ್ತ ನಾನು ಮುಂದೆ, ಮಾವ ಹಿಂದೆ. ಬೊಚ್ಚು ಬಾಯಲ್ಲಿ ಅವರು ಬೈದ ಬೈಗುಳದಲ್ಲಿ ಅರ್ಧ ನನಗೆ ತಿಳಿಯಲಿಲ್ಲ, ತಿಳಿದ ಅರ್ಧವನ್ನು ಬರೆಯುವ ಹಾಗಿಲ್ಲ. ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ ನನ್ನ ಗಂಡ ನಮ್ಮಿಬ್ಬರನ್ನೂ ಎರಡು ಸುತ್ತು ನೋಡಿ, ಆ ದಿನದ ಮೊದಲ ಮಾತು ಆಡಿದರು.

"ಅಪ್ಪಾ, ಓಡ್ತಾ ಇದ್ದೀಯ."

ಮಾವ ನಿಂತರು. ತಮ್ಮ ಮಂಡಿಯನ್ನು ಬಗ್ಗಿ ನೋಡಿಕೊಂಡರು. ಆಮೇಲೆ ಕಲ್ಲಿನ ಬಾನಿಯ ಅಂಚಿನ ಮೇಲೆ ಕೂತರು. ನಗುತ್ತಾರೆ ಎಂದುಕೊಂಡೆ, ನಗಲಿಲ್ಲ. ಮಂಡಿ ಸವರಿಕೊಳ್ಳುತ್ತಾ, "ಅವ್ನೇಳಿದ್ದು ಉಗುರಷ್ಟು ಅಲ್ವಾ?" ಎಂದು ಕೇಳಿದರು.

"ಹೂಂ. ಮುಖ ಕೆಂಪಾದ್ರೆ ನಿಲ್ಸಿ ಅಂತಾನೂ ಹೇಳಿದ್ರು."

"ಎಲ್ಲಾ ಸರಿಯಾಗೇ ಏಳಿದ್ದ. ನಾನೇ ಕೇಳ್ಲಿಲ್ಲ." ಕೋಲನ್ನು ಪಕ್ಕಕ್ಕೆ ಇಟ್ಟರು. "ಆ ಮನ್ಸನ ಕೈಗೆ ಶಾಪ ಆಕ್ಬುಟ್ಟೆ ಕಣಮ್ಮಿ. ಊರ ಮುಂದೆ. ಅವನೇನ್ ಯುದ್ಧಕ್ಕೆ ಬಂದಿದ್ನಾ? ನನ್ ಬಾಯೊಳಗೆ ಕೈ ಇಟ್ಟು ಅಲ್ಲು ಕೂರ್ಸಿದ ಕೈ ಅದು."

ಹಲ್ಲು ಹಾಕಿಕೊಳ್ಳಿ, ಅವರೇಕಾಳು ಬೇಯಿಸಿದ್ದೇನೆ ಎಂದೆ. ತಲೆ ಅಲ್ಲಾಡಿಸಿದರು. ಆ ಮನುಷ್ಯನ ಮುಖ ನೋಡದೆ ಆ ಹಲ್ಲು ಬಾಯಿಗೆ ಇಡುವುದಿಲ್ಲ ಎಂದರು. ಒಂದು ಹಟ ಬಿಟ್ಟು ಇನ್ನೊಂದು ಹಟ ಹಿಡಿದಿದ್ದರು. ಆದರೆ ಈ ಹಟಕ್ಕೆ ಕಾಲಿತ್ತು. ಮಾರನೆಯ ದಿನ ಯಲಹಂಕದ ತನಕ ಗಾಡಿ ಬೇಡ ಎಂದು ನಡೆದೇ ಬಂದು ಬಸ್ಸು ಹತ್ತಿದರು. ಹಲ್ಲು ಟವೆಲ್ಲಿನಲ್ಲಿತ್ತು. ಡಾಕ್ಟರಿಗೆ ಕೊಡಲು ನನ್ನ ಸೊಂಟದ ಮೇಲೆ ಒಂದು ಬುಟ್ಟಿ ಮೂಲಂಗಿ. ದ್ರಾಕ್ಷಿ ಕಾಲವಲ್ಲ, ಹೊಲದಲ್ಲಿ ಬೇರೇನೂ ಇರಲಿಲ್ಲ. ಮೂಲಂಗಿಯ ಕೆಳಗೆ ಕೆಂಪು ಕಾಗದದ ಸಿಂಗಣ್ಣ. ಅವನನ್ನು ಕೊಟ್ಟವರಿಗೆ ಮುಟ್ಟಿಸಿ, ಎಲ್ಲ ಹೇಳಿ, ತಪ್ಪಾಯಿತು ಎಂದು ಬರುವುದು ನಮ್ಮ ಯೋಜನೆ.

ಅಂಗಡಿಯ ಬೋರ್ಡಿನ ಮೇಲೆ ಗೋಣಿತಟ್ಟು ಹೊದಿಸಿತ್ತು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ರೋಗಿಗಳು ಯಾರೂ ಇರಲಿಲ್ಲ. ಕೋಲು ಹಿಡಿದ, ರುಮಾಲು ಸುತ್ತಿದ ಎತ್ತರದ ಆಳು ಬಾಗಿಲಲ್ಲಿ ನಿಂತದ್ದು ಕಂಡು ಡಾಕ್ಟರು ಸರಕ್ಕನೆ ಎದ್ದು ಕುರ್ಚಿಯ ಹಿಂದೆ ಸರಿದರು. ನಮ್ಮನ್ನು ಕಂಡು ಒಬ್ಬರು ಹೆದರಬಹುದು ಎನ್ನುವುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಆಮೇಲೆ ಅವರ ಕಣ್ಣು ಮಾವನ ಕೈಯ ಟವೆಲ್ಲಿನ ಮೇಲೆ ಬಿತ್ತು.

"ಹಲ್ಲು ವಾಪಸ್ಸಾ ಸಾರ್?" ಎಂದು ಮೆಲ್ಲಗೆ ಕೇಳಿದರು. "ಪರವಾಗಿಲ್ಲ. ಅಲ್ಲಿ ಇಡಿ. ಇನ್ನೂ ಮೂರು ಜನ ಇಟ್ಟು ಹೋದ್ರು."

ಮೇಜಿನ ಮೇಲೆ ಪಿಂಗಾಣಿ ತಟ್ಟೆಯಲ್ಲಿ ಮೂರು ಸೆಟ್ಟು ಹಲ್ಲು ಇದ್ದವು. ಮಾವ ಆ ತಟ್ಟೆ ನೋಡಿದರು. ಕೋಲನ್ನು ಗೋಡೆಗೆ ಒರಗಿಸಿದರು. ಯಾರೂ ಕರೆಯದೆ ತಾವೇ ಹೋಗಿ ಆ ಎತ್ತರದ ಕುರ್ಚಿ ಹತ್ತಿ ಕೂತು, ಟವೆಲ್ಲು ಬಿಚ್ಚಿ ಹಲ್ಲು ಮುಂದೆ ಹಿಡಿದರು.

"ವಾಪಸ್ಸು ಯಾಕ್ರೀ? ಒಂದು ತಿಂಗಳಿಂದ ಸಡ್ಲ ಆಗೈತೆ. ನೀವೇ ಸರ್ಯಾಗಿ ಕೂರ್ಸಿ," ಎಂದು ಹೇಳಿ, ಕಣ್ಣು ಮುಚ್ಚಿ, ಬಾಯಿ ಅಗಲವಾಗಿ ತೆರೆದರು.

ಹಲ್ಲು ಸಡಿಲವಾಗಿರಲಿಲ್ಲ. ಡಾಕ್ಟರಿಗೆ ಅದು ಒಂದೇ ನೋಟಕ್ಕೆ ಗೊತ್ತಾಗಿರಬೇಕು. ಆದರೂ ತೊಳೆದರು, ಉಜ್ಜಿದರು, ಎಲ್ಲೋ ಒಂದು ಕಡೆ ಅರದಿಂದ ಸುಮ್ಮನೆ ಎರಡು ಸಲ ಗೀರಿದರು. ಹಲ್ಲು ಕೂತಿತು, ಮಾವ ಕಟಕಟ ಕಡಿದು ನೋಡಿ, "ಈಗ ಸರ್ಯಾಯ್ತು," ಎಂದರು.

"ಮಂಡಿ ಹೇಗಿದೆ ಸಾರ್? ಬೇರು ತಿಂದ್ರಾ?" ಎಂದು ಡಾಕ್ಟರು ಕೇಳಿದರು.

ಇದೇ ಸಮಯ ಎಂದು ನಾನು ಕೆಂಪು ಕಾಗದಕ್ಕೆ ಬುಟ್ಟಿಯೊಳಗೆ ಕೈ ಹಾಕಿದೆ. ಕುರ್ಚಿಯ ಮೇಲಿಂದಲೇ ಮಾವ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು. ಎಲ್ಲ ಹೇಳಿ ತಪ್ಪಾಯಿತು ಎನ್ನಬೇಕು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದವರು ಅವರೇ.

"ತಿನ್ನದೇ ಇರ್ತೀನಾ? ಉಗುರಷ್ಟೇ ತಿಂದೆ, ನೀವೇಳ್ದಂಗೆ. ನಿಮ್ ಬೇರಿಂದ್ಲೇ ನೋಡಿ, ಅಟ್ಟೂರಿಂದ ಯಲಹಂಕಕ್ಕೆ ನಡ್ಕೊಂಡೇ ಬಂದೆ."

ಡಾಕ್ಟರ ಮುಖ ಅರಳಿತು. ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿಕೊಂಡರು. ಮತ್ತೆ ಹಾಕಿಕೊಂಡು, ಹಿಂದಿನಂತೆಯೇ ಬೆರಳು ಎತ್ತಿದರು.

"ಮೂಲಂಗಿ ತಿನ್ನಲಿಲ್ಲ ಅಲ್ಲಾ?"

"ಮುಟ್ಟೇ ಇಲ್ಲ," ಎಂದರು ಮಾವ.

ನಾನು ಬುಟ್ಟಿಯ ಮೇಲೆ ಸೆರಗು ಎಳೆದುಕೊಂಡೆ.